ಹವಳದ ತೊಟ್ಟಿಗೆ ಪಂಪ್ ಕೊಳ್ಳುವವರು ಲೀಟರ್ ಮಾತ್ರ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಮಂಗಳೂರು ಮತ್ತು ಉಡುಪಿಯ ಮನೆಗಳಲ್ಲಿ ಸಿಹಿನೀರಿನ ಅಕ್ವೇರಿಯಂಗಳ ಜೊತೆಗೆ ಈಗ ಉಪ್ಪುನೀರಿನ ಹವಳದ ತೊಟ್ಟಿಗಳೂ ಅಲ್ಲಲ್ಲಿ ಕಾಣಸಿಗುತ್ತಿವೆ. ಬಹುದಿನಗಳಿಂದ ಇಂಥದೊಂದು ತೊಟ್ಟಿಯನ್ನು ಮನೆಯಲ್ಲಿ ನಡೆಸಿಕೊಂಡು ಬರುತ್ತಿರುವ ನಾನು, ಅದರ ಹೃದಯಭಾಗವೇ ಆದ ರಿಟರ್ನ್ ಪಂಪ್‌ನ ಆಯ್ಕೆಯ ಕುರಿತು ತಮ್ಮ ಪತ್ರಿಕೆಯ ಮೂಲಕ ಕೆಲವು ವಿಚಾರಗಳನ್ನು ಓದುಗರ ಮತ್ತು ನಮ್ಮೂರಿನ ಅಕ್ವೇರಿಯಂ ಅಂಗಡಿಯವರ ಗಮನಕ್ಕೆ ತರಲು ಬಯಸುತ್ತೇನೆ. ಬೆಳಕು, ಉಪ್ಪು, ಮೀನು, ಬಂಡೆ ಎಲ್ಲವನ್ನೂ ಹತ್ತು ಬಾರಿ ವಿಚಾರಿಸಿ ಕೊಳ್ಳುವವರು ಪಂಪ್ ವಿಷಯಕ್ಕೆ ಬಂದಾಗ ಡಬ್ಬಿಯ ಮೇಲಿನ ಒಂದೇ ಒಂದು ಅಂಕಿಯನ್ನು ನೋಡಿ ದುಡ್ಡು ಕೊಟ್ಟು ಬರುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಒಂದೋ ಅದರ ಸದ್ದಿಗೆ ಮನೆಮಂದಿಯ ನಿದ್ದೆ ಹೋಗುತ್ತದೆ, ಇಲ್ಲವೇ ತೊಟ್ಟಿಗೆ ಸಾಕಷ್ಟು ನೀರು ಬರುತ್ತಿಲ್ಲವೆಂಬ ದೂರು ಶುರುವಾಗುತ್ತದೆ.

ಈ ಪಂಪ್‌ನ ಕೆಲಸವನ್ನು ತಿಳಿಯದವರಿಗಾಗಿ ಎರಡು ಮಾತು. ಹವಳದ ತೊಟ್ಟಿಯ ನೀರು ಮೇಲಿನ ಅಂಚಿನಿಂದ ತುಂಬಿ ಪೈಪಿನ ಮೂಲಕ ಕೆಳಗಿನ ಕಪಾಟಿನೊಳಗಿರುವ ಇನ್ನೊಂದು ಸಣ್ಣ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯುತ್ತದೆ. ಅಲ್ಲಿ ಸ್ಕಿಮ್ಮರ್ ಎಂಬ ಸಾಧನ ಅದರ ಕಲ್ಮಶವನ್ನು ನೊರೆಯ ರೂಪದಲ್ಲಿ ತೆಗೆದ ಮೇಲೆ ನೀರನ್ನು ಮತ್ತೆ ಮೇಲಕ್ಕೆ ಎತ್ತುವುದೇ ರಿಟರ್ನ್ ಪಂಪ್. ಅದು ಹಗಲು ರಾತ್ರಿ ಎನ್ನದೆ, ವರ್ಷದ 8760 ಗಂಟೆಯೂ ಓಡಬೇಕು. ಮನೆಯಲ್ಲಿ ಫ್ರಿಜ್ ಕೂಡ ನಡುನಡುವೆ ವಿಶ್ರಾಂತಿ ಪಡೆಯುತ್ತದೆ. ಈ ಪಂಪ್‌ಗೆ ಅದಿಲ್ಲ.

ಮೊದಲು ಆ ಡಬ್ಬಿಯ ಅಂಕಿಯನ್ನೇ ನೋಡೋಣ. ‘ಗಂಟೆಗೆ 3000 ಲೀಟರ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದು ನೀರನ್ನು ಒಂದಿಂಚೂ ಮೇಲೆತ್ತದೆ ಹಾಗೆಯೇ ಹರಿಯಬಿಟ್ಟಾಗಿನ ಲೆಕ್ಕ. ತೋಟಕ್ಕೆ ಪಂಪ್‌ಸೆಟ್ ಕೊಳ್ಳಲು ಹೋದ ನಮ್ಮ ಜಿಲ್ಲೆಯ ಅಡಿಕೆ ಕೃಷಿಕರು ಅಂಗಡಿಯಲ್ಲಿ ಮೊದಲು ಕೇಳುವುದೇ ‘ಎಷ್ಟು ಹೆಡ್?’ ಎಂದು, ಅಂದರೆ ಪಂಪ್ ನೀರನ್ನು ಎಷ್ಟು ಎತ್ತರಕ್ಕೆ ಏರಿಸಬಲ್ಲದೆಂದು. ಕೆರೆಯಿಂದ ಗುಡ್ಡದ ತಲೆಗೆ ನೀರು ಏರಬೇಕಾದರೆ ಅಶ್ವಶಕ್ತಿಯೊಂದನ್ನೇ ನೋಡಿ ಪ್ರಯೋಜನವಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಅದೇ ಪ್ರಶ್ನೆಯನ್ನು ಅಕ್ವೇರಿಯಂ ಅಂಗಡಿಯಲ್ಲಿ ಕೇಳುವವರು ತೀರ ಕಡಿಮೆ. ಸಂಪ್‌ನ ನೀರಿನ ಮಟ್ಟದಿಂದ ಮೇಲಿನ ತೊಟ್ಟಿಯ ಅಂಚಿನವರೆಗೆ ಸಾಮಾನ್ಯವಾಗಿ ಒಂದೂಕಾಲು ಮೀಟರ್‌ನಿಂದ ಒಂದೂವರೆ ಮೀಟರ್ ಎತ್ತರವಿರುತ್ತದೆ. ದಾರಿಯಲ್ಲಿ ಸಿಗುವ ಪ್ರತಿಯೊಂದು ಎಲ್ಬೋ, ಪ್ರತಿಯೊಂದು ವಾಲ್ವ್, ಸಣ್ಣ ವ್ಯಾಸದ ಪೈಪ್ ಇವೆಲ್ಲ ನೀರಿನ ಓಟಕ್ಕೆ ಅಡ್ಡಿಯಾಗಿ ಆ ಎತ್ತರವನ್ನು ಇನ್ನಷ್ಟು ಹೆಚ್ಚಿಸಿದ ಹಾಗಾಗುತ್ತದೆ. ಗರಿಷ್ಠ ಹೆಡ್ 3 ಮೀಟರ್ ಇರುವ, 3000 ಲೀಟರ್‌ನ ಪಂಪ್ ಒಂದೂವರೆ ಮೀಟರ್ ಎತ್ತರಕ್ಕೆ ಹೆಚ್ಚು ಕಡಿಮೆ ಅರ್ಧದಷ್ಟು ನೀರನ್ನು ಕೊಟ್ಟರೆ ಅದರಲ್ಲಿ ಪಂಪ್‌ನ ದೋಷವೇನೂ ಇಲ್ಲ. ಎಷ್ಟು ಎತ್ತರಕ್ಕೆ ಎಷ್ಟು ನೀರು ಎಂದು ತೋರಿಸುವ ರೇಖಾಚಿತ್ರವನ್ನು ಒಳ್ಳೆಯ ತಯಾರಕರೆಲ್ಲ ಪಂಪ್‌ನ ಜೊತೆಗಿನ ಹಾಳೆಯಲ್ಲೋ ಡಬ್ಬಿಯ ಬದಿಯಲ್ಲೋ ಮುದ್ರಿಸಿರುತ್ತಾರೆ. ಆ ರೇಖಾಚಿತ್ರವಿಲ್ಲದ ಪಂಪ್ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದೆಂದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಎಷ್ಟು ನೀರು ಬೇಕು? ತೊಟ್ಟಿಯ ನೀರೆಲ್ಲ ಗಂಟೆಗೆ ಹತ್ತು ಬಾರಿ ಸಂಪ್ ಮೂಲಕ ಹಾದುಹೋಗಬೇಕೆಂಬ ಹಳೆಯ ಲೆಕ್ಕವನ್ನು ಈಗಲೂ ಕೆಲವರು ಹೇಳುತ್ತಾರೆ. ಹವಳಗಳಿಗೆ ಬೇಕಾದ ಬಲವಾದ ಸೆಳೆತವನ್ನು ತೊಟ್ಟಿಯೊಳಗೇ ಇಡುವ ವೇವ್‌ಮೇಕರ್‌ಗಳು ಕೊಡುವ ಈ ಕಾಲದಲ್ಲಿ ರಿಟರ್ನ್ ಪಂಪ್‌ಗೆ ಅಷ್ಟು ಹೊರೆ ಹೊರಿಸುವ ಅಗತ್ಯವಿಲ್ಲ. ಗಂಟೆಗೆ ಮೂರರಿಂದ ಐದು ಬಾರಿ ಸಾಕು. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಮುಕ್ಕಾಲು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 300 ಲೀಟರ್ ನೀರು ಹಿಡಿಯುತ್ತದೆ. ಅಂಥ ತೊಟ್ಟಿಗೆ, ಅದರ ಎತ್ತರದಲ್ಲಿ, ಗಂಟೆಗೆ 1000ದಿಂದ 1500 ಲೀಟರ್ ಬಂದರೆ ಯಾವ ಕೊರತೆಯೂ ಆಗದು. ಬೇಕಾದ್ದಕ್ಕಿಂತ ಹೆಚ್ಚು ನೀರು ಎತ್ತಿದರೆ ಅಷ್ಟೂ ನೀರು ಪೈಪಿನಲ್ಲಿ ಭೋರ್ಗರೆದು ಕೆಳಗಿಳಿಯಲೇಬೇಕು. ಸದ್ದು, ಸಂಪ್‌ನಲ್ಲಿ ಗಾಳಿಗುಳ್ಳೆ, ಕರೆಂಟ್ ಬಿಲ್ಲು ಮೂರೂ ಏರುತ್ತವೆ. ಪಂಪ್ ನಿಜವಾಗಿ ಎಷ್ಟು ನೀರು ಕೊಡುತ್ತಿದೆಯೆಂದು ತಿಳಿಯಲು ಯಾವ ಮೀಟರೂ ಬೇಕಿಲ್ಲ. ತೊಟ್ಟಿಗೆ ಬೀಳುವ ಪೈಪಿನ ಬಾಯನ್ನು ಅದೇ ಎತ್ತರದಲ್ಲಿ ಹಿಡಿದು 20 ಲೀಟರ್‌ನ ಬಕೆಟ್ ತುಂಬಿಸಿ ಗಡಿಯಾರ ನೋಡಿದರಾಯಿತು. 60 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1200 ಲೀಟರ್, 48 ಸೆಕೆಂಡಿನಲ್ಲಿ ತುಂಬಿದರೆ 1500 ಲೀಟರ್.

ಇನ್ನು ಸದ್ದಿನ ವಿಷಯ. ಈ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿ ಬರೆದರೆ ತಾವು ಅನ್ಯಥಾ ಭಾವಿಸಬಾರದು. ಏಕೆಂದರೆ ಎಷ್ಟೋ ಮನೆಗಳಲ್ಲಿ ಹವಳದ ತೊಟ್ಟಿಯನ್ನು ಮಾರಿಬಿಡಲು ಕಾರಣವಾಗುವುದು ಖರ್ಚಲ್ಲ, ರಾತ್ರಿಯ ಗುಂಯ್‌ಗುಡುವಿಕೆ. ಗೋಡೆಯ ಪ್ಲಗ್‌ನಿಂದ ನೇರವಾಗಿ ಓಡುವ ಎಸಿ ಪಂಪ್‌ಗಳ ಮೋಟಾರು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಕಂಪಿಸುತ್ತದೆ. ಈ ಕಂಪನ ನೀರಿನಲ್ಲಿ ಕೇಳಿಸುವುದಕ್ಕಿಂತ ಹೆಚ್ಚಾಗಿ ಪೈಪಿನ ಮೂಲಕ, ಗಾಜಿನ ಮೂಲಕ, ಮರದ ಕಪಾಟಿನ ಮೂಲಕ ಹಾದು ನೆಲಕ್ಕೆ ಇಳಿಯುತ್ತದೆ. ಕದ್ರಿ, ಬಿಜೈ ಕಡೆಯ ಬಹುಮಹಡಿ ಕಟ್ಟಡಗಳಲ್ಲಿ ಕೆಳಗಿನ ಮನೆಯವರು ತಮ್ಮ ಮಲಗುವ ಕೋಣೆಯ ತಾರಸಿಯಿಂದ ಏನೋ ಸದ್ದು ಬರುತ್ತಿದೆಯೆಂದು ದೂರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು. ರಾತ್ರಿ ಎಲ್ಲ ದೀಪ ಆರಿದ ಮೇಲೆ ಬೆರಳ ತುದಿಯನ್ನು ಸಂಪ್‌ನ ಗಾಜಿಗೆ ಮೆಲ್ಲಗೆ ಒತ್ತಿ ನೋಡಬೇಕು. ಗಾಜು ಬೆರಳಿಗೆ ನಡುಗಿದಂತೆ ತಿಳಿದರೆ ಪಂಪ್ ಅಡಿಯಲ್ಲಿ ಮೆತ್ತನೆಯ ಸಿಲಿಕೋನ್ ಹಾಳೆಯಿಲ್ಲವೆಂದೋ, ಅದರ ಮೈ ಗಾಜಿಗೆ ತಾಗುತ್ತಿದೆಯೆಂದೋ, ಗಟ್ಟಿ ಪಿವಿಸಿ ಪೈಪನ್ನು ನೇರವಾಗಿ ಪಂಪ್‌ಗೇ ಜೋಡಿಸಲಾಗಿದೆಯೆಂದೋ ಅರ್ಥ. ಪಂಪ್‌ನ ಬಾಯಿಗೂ ಪಿವಿಸಿ ಪೈಪಿಗೂ ನಡುವೆ ಒಂದಡಿಯಷ್ಟು ಮೆತುವಾದ ಸಿಲಿಕೋನ್ ಹೋಸ್ ಹಾಕಿದರೆ ಅರ್ಧ ಸದ್ದು ಅಲ್ಲೇ ನಿಲ್ಲುತ್ತದೆ.

ಆದರೆ ಪಂಪ್‌ನ ಮೇಲೆ ಹೊರಿಸುವ ಸದ್ದಿನಲ್ಲಿ ದೊಡ್ಡ ಪಾಲು ಪಂಪ್‌ನದ್ದೇ ಅಲ್ಲ. ಮೇಲಿನಿಂದ ನೀರು ಗಾಳಿಯನ್ನೂ ಎಳೆದುಕೊಂಡು ಇಳಿಯುವಾಗ ಆಗುವ ಗಳಗಳ ಸದ್ದನ್ನು ಪಂಪ್ ಬದಲಿಸಿ ನಿಲ್ಲಿಸಲಾಗದು. ಅದಕ್ಕೆ ಇಳಿಯುವ ಪೈಪಿನಲ್ಲಿ ಗೇಟ್ ವಾಲ್ವ್ ಇಟ್ಟು, ಪೈಪ್ ತುಂಬ ನೀರೇ ಇರುವಂತೆ ಹದಮಾಡಿ, ಎಲ್ಲಾದರೂ ಅದು ಕಟ್ಟಿಕೊಂಡರೆ ನೀರು ಇಳಿದುಹೋಗಲು ಎರಡನೆಯ ಪೈಪನ್ನು ಖಾಲಿ ಬಿಡುವುದೇ ಪರಿಹಾರ. ಇನ್ನೊಂದು ಕಾರಣ ಸಂಪ್‌ನಲ್ಲಿ ನೀರಿನ ಮಟ್ಟ ತಗ್ಗುವುದು. ನಮ್ಮ ಸೆಕೆಯಲ್ಲಿ, ಅದರಲ್ಲೂ ಮೇಲೆ ಫ್ಯಾನ್ ಹಾಕಿದ ತೊಟ್ಟಿಗಳಲ್ಲಿ, ದಿನಕ್ಕೆ ಹಲವು ಲೀಟರ್ ನೀರು ಆವಿಯಾಗುತ್ತದೆ. ಆವಿಯಾದಷ್ಟೂ ಕಡಿಮೆಯಾಗುವುದು ಸಂಪ್‌ನೊಳಗೆ ಪಂಪ್ ಇರುವ ವಿಭಾಗದ ನೀರು ಮಾತ್ರ. ಅಲ್ಲಿ ಸುಳಿ ಎದ್ದು ಪಂಪ್ ಗಾಳಿ ನುಂಗತೊಡಗಿದರೆ ಎಷ್ಟು ದುಬಾರಿ ಪಂಪ್ ಆದರೂ ಕರಕರ ಸದ್ದು ಮಾಡುತ್ತದೆ. ಆರ್‌ಒ ನೀರನ್ನು ತಾನಾಗಿ ತುಂಬಿಕೊಳ್ಳುವ ವ್ಯವಸ್ಥೆ ಇರಿಸಿಕೊಂಡವರಿಗೆ ಈ ತೊಂದರೆ ಬಾರದು. ಹೊಸ ಪಂಪ್‌ಗೆ ದುಡ್ಡು ಹಾಕುವ ಮುನ್ನ ಈ ಎರಡನ್ನು ಪರಿಶೀಲಿಸಿರೆಂದು ಓದುಗರಲ್ಲಿ ನನ್ನ ವಿನಂತಿ.

ಡಿಸಿ ಪಂಪ್‌ಗಳು ಬಂದ ಮೇಲೆ ಸದ್ದಿನ ಸಮಸ್ಯೆ ಬಹಳಷ್ಟು ಕಡಿಮೆಯಾಗಿದೆ ಎಂಬುದು ನಿಜ. ಹೆಚ್ಚಾಗಿ 24 ವೋಲ್ಟ್‌ನಲ್ಲಿ ಓಡುವ ಇವುಗಳ ವೇಗವನ್ನು ಕಂಟ್ರೋಲರ್‌ನಿಂದ ಏರಿಸಿ ಇಳಿಸಬಹುದು. ಸ್ವಲ್ಪ ದೊಡ್ಡ ಡಿಸಿ ಪಂಪ್ ಕೊಂಡು ಅದನ್ನು ಶೇಕಡಾ 60ರಿಂದ 70ರ ವೇಗದಲ್ಲಿ ಓಡಿಸಿದರೆ ಅದು ಪಕ್ಕದಲ್ಲಿ ಕುಳಿತರೂ ಕೇಳಿಸದಷ್ಟು ಮೌನವಾಗುತ್ತದೆ, ಬಾಳಿಕೆಯೂ ಹೆಚ್ಚುತ್ತದೆ. ಎಸಿ ಪಂಪ್‌ನಲ್ಲಿ ಈ ಸೌಲಭ್ಯವಿಲ್ಲ. ನೀರು ಹೆಚ್ಚಾದರೆ ಹೊರಹೋಗುವ ಪೈಪಿನ ವಾಲ್ವ್ ತಿರುಗಿಸಿ ಕಡಿಮೆ ಮಾಡಬಹುದೇ ಹೊರತು ಒಳಬರುವ ಬಾಯನ್ನು ಎಂದಿಗೂ ಕಟ್ಟಬಾರದು. ಹಾಗೆಂದು ಎಸಿ ಪಂಪ್‌ಗಳನ್ನು ತಳ್ಳಿಹಾಕುವ ಪೈಕಿ ನಾನಲ್ಲ. ಜರ್ಮನಿಯ ಏಹೈಮ್, ಇಟಲಿಯ ಸಿಚೆ ಮುಂತಾದ ಹಳೆಯ ತಯಾರಕರ ಎಸಿ ಪಂಪ್‌ಗಳು ಕೆಟ್ಟುಹೋಗಬಲ್ಲ ಎಲೆಕ್ಟ್ರಾನಿಕ್ ಭಾಗಗಳೇ ಇಲ್ಲದಿರುವುದರಿಂದ ವರ್ಷಗಟ್ಟಲೆ ನಡೆಯುತ್ತವೆ. ಡಿಸಿ ಪಂಪ್‌ನಲ್ಲಿ ಮೋಟಾರ್‌ಗಿಂತ ಮೊದಲು ಕೈಕೊಡುವುದು ಕಂಟ್ರೋಲರ್ ಮತ್ತು ಅಡಾಪ್ಟರ್. ಸಮುದ್ರದ ಉಪ್ಪುಗಾಳಿ, ಮಳೆಗಾಲದ ಥಂಡಿ, ಅದಕ್ಕೆ ಸೇರಿ ತೊಟ್ಟಿಯಿಂದ ಸಿಡಿಯುವ ಉಪ್ಪುನೀರು ಇವೆಲ್ಲ ಕರಾವಳಿಯಲ್ಲಿ ಇರುವುದರಿಂದ ಕಂಟ್ರೋಲರನ್ನು ಸಂಪ್ ಇರುವ ಕಪಾಟಿನೊಳಗೆ ಇಡಲೇಬಾರದು. ಹೊರಗೆ, ಎತ್ತರದಲ್ಲಿ, ಗಾಳಿಯಾಡುವಲ್ಲಿ ತೂಗುಹಾಕಬೇಕು; ವಯರನ್ನು ಪ್ಲಗ್‌ಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆ ತಂದು ಸಿಕ್ಕಿಸಿದರೆ ವಯರಿನಗುಂಟ ಜಾರುವ ಹನಿ ಪ್ಲಗ್ ಸೇರದೆ ಕೆಳಗೇ ತೊಟ್ಟಿಕ್ಕುತ್ತದೆ. 30 ಮಿಲಿಆಂಪಿಯರ್‌ನ ಇಎಲ್‌ಸಿಬಿ (ವಿದ್ಯುತ್ ಸೋರಿದೊಡನೆ ಲೈನನ್ನು ಕಡಿತಗೊಳಿಸುವ ಸ್ವಿಚ್) ಇಲ್ಲದ ಲೈನಿನಲ್ಲಿ ಉಪ್ಪುನೀರಿನ ತೊಟ್ಟಿಯ ಯಾವ ಸಾಧನವನ್ನೂ ಓಡಿಸಬಾರದು. ಮಕ್ಕಳಿರುವ ಮನೆಗಳಲ್ಲಿ ಈ ವಿಷಯದಲ್ಲಿ ರಾಜಿಗೆ ಅವಕಾಶವೇ ಇಲ್ಲ.

ಗಲ್ಫ್‌ನಲ್ಲಿರುವ ಬಂಧುಗಳ ಕೈಯಲ್ಲಿ ಪಂಪ್ ತರಿಸುವ ಅಭ್ಯಾಸವುಳ್ಳವರಿಗೆ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ದುಬೈ, ಮಸ್ಕತ್, ದೋಹಾಗಳ ವಿದ್ಯುತ್ ನಮ್ಮಂತೆಯೇ 50 ಹರ್ಟ್ಸ್‌ನದ್ದು. ಸೌದಿ ಅರೇಬಿಯಾದ್ದು 60 ಹರ್ಟ್ಸ್, ಅಮೆರಿಕದ್ದೂ 60 ಹರ್ಟ್ಸ್, ಅಲ್ಲಿ ವೋಲ್ಟೇಜೂ 120 ಮಾತ್ರ. 60 ಹರ್ಟ್ಸ್‌ಗೆಂದು ಮಾಡಿದ ಎಸಿ ಪಂಪ್ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ, ಎತ್ತುವ ಬಲ ಅದಕ್ಕಿಂತಲೂ ಹೆಚ್ಚು ಕುಗ್ಗುತ್ತದೆ ಮತ್ತು ಮೋಟಾರು ಹೆಚ್ಚು ಕಾಯುತ್ತದೆ. ಡಿಸಿ ಪಂಪ್‌ನ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿದ್ದರೆ ಮಾತ್ರ ಈ ಚಿಂತೆಯಿಲ್ಲ.

ಮೋಟಾರು ಕಾಯುವುದೆಂದಾಗ ನಮ್ಮ ಊರಿಗೆ ಅದರ ಪರಿಣಾಮ ಬೇರೆಯೇ ಇದೆ. ನೀರಿನಲ್ಲಿ ಮುಳುಗಿರುವ ಪಂಪ್ ಬಳಸುವ ವಿದ್ಯುತ್ತೆಲ್ಲ ಬಹುಮಟ್ಟಿಗೆ ಶಾಖವಾಗಿ ಆ ನೀರಿಗೇ ಸೇರುತ್ತದೆ. ಹವಳಗಳಿಗೆ ಹಿತವಾದದ್ದು 24ರಿಂದ 27 ಡಿಗ್ರಿ ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕೋಣೆಯ ಉಷ್ಣತೆಯೇ 30 ದಾಟಿರುತ್ತದೆ. ಪಂಪ್ ಸೇರಿಸಿದ ಶಾಖವನ್ನು ಹೊರಹಾಕಲು ನೀರನ್ನು ತಂಪುಮಾಡುವ ಚಿಲ್ಲರ್ ಇನ್ನಷ್ಟು ಹೊತ್ತು ಓಡಬೇಕು, ಅದಕ್ಕೂ ಕರೆಂಟ್ ಬೇಕು. 80 ವಾಟ್‌ನ ಪಂಪ್ ಮಾಡುವ ಕೆಲಸವನ್ನು 40 ವಾಟ್‌ನದ್ದು ಮಾಡುವಂತಿದ್ದರೆ ತಿಂಗಳಿಗೆ 29 ಯೂನಿಟ್, ವರ್ಷಕ್ಕೆ 350 ಯೂನಿಟ್ ಪಂಪ್ ಒಂದರಲ್ಲೇ ಉಳಿಯುತ್ತದೆ. ಗೃಹಜ್ಯೋತಿಯ 200 ಯೂನಿಟ್‌ನ ಗಡಿಯ ಆಸುಪಾಸಿನಲ್ಲಿರುವ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ.

ಅಗ್ಗವೆಂದು ಏರ್ ಕೂಲರ್‌ನ ಪಂಪನ್ನೋ ಅಂಗಳದ ಕಾರಂಜಿಯ ಪಂಪನ್ನೋ ಈ ಕೆಲಸಕ್ಕೆ ಹಚ್ಚುವವರನ್ನು ನೋಡಿದ್ದೇನೆ. ಇದನ್ನು ದಯವಿಟ್ಟು ಮಾಡಬೇಡಿ. ಸಾಮಾನ್ಯ ಉಕ್ಕಿನ ಶಾಫ್ಟ್ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಅಥವಾ ತಾಮ್ರದ ಭಾಗವೇನಾದರೂ ನೀರಿಗೆ ತಾಗುತ್ತಿದ್ದರೆ ಅದರಿಂದ ಬಿಡುವ ತಾಮ್ರದ ಅತ್ಯಲ್ಪ ಅಂಶವೇ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಶಾಫ್ಟ್ ಸೆರಾಮಿಕ್‌ನದ್ದಾಗಿರಬೇಕು, ಮೋಟಾರಿನ ಭಾಗ ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಿರಬೇಕು, ಸಮುದ್ರದ ನೀರಿಗೆ ಯೋಗ್ಯವೆಂದು ತಯಾರಕರೇ ಬರೆದಿರಬೇಕು.

ಕರಾವಳಿಯ ಮಳೆಗಾಲದಲ್ಲಿ ಮರ ಬಿದ್ದು, ಸಿಡಿಲು ಬಡಿದು ಕರೆಂಟ್ ಹೋಗುವುದು ಹೊಸತಲ್ಲ. ಆದ್ದರಿಂದ ಇಲ್ಲಿ ಪಂಪ್‌ನ ನಂಬಿಕೆಯನ್ನು ಅಳೆಯಬೇಕಾದದ್ದು ಅದು ಹೇಗೆ ಓಡುತ್ತದೆ ಎಂಬುದರಿಂದಲ್ಲ, ನಿಂತ ಮೇಲೆ ತಾನಾಗಿ ಮತ್ತೆ ಶುರುವಾಗುತ್ತದೆಯೇ ಎಂಬುದರಿಂದ. ಉಡುಪಿಯ ಪರಿಚಯಸ್ಥರೊಬ್ಬರ ಮನೆಯಲ್ಲಿ ರಾತ್ರಿ ಹೋದ ಕರೆಂಟ್ ಸ್ವಲ್ಪ ಹೊತ್ತಿನಲ್ಲೇ ಬಂದಿತ್ತು. ಸುಣ್ಣ ಕಟ್ಟಿದ್ದ ಪಂಪ್ ಮಾತ್ರ ತಿರುಗಲಿಲ್ಲ. ಬೆಳಿಗ್ಗೆ ನೋಡಿದಾಗ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು. ಬೆಚ್ಚಗಿನ ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕವನ್ನು ಹಿಡಿದಿಡಲಾರದು. 27 ಡಿಗ್ರಿಯಲ್ಲಿ ಲೀಟರಿಗೆ ಸುಮಾರು ಆರೂವರೆ ಮಿಲಿಗ್ರಾಂ ಇದ್ದರೆ ಅದೇ ಅದರ ಮಿತಿ. ಹೊಸ ಪಂಪ್ ಕೂರಿಸಿದ ದಿನವೇ ಸ್ವಿಚ್ಚನ್ನು ಹಲವು ಬಾರಿ ಆರಿಸಿ ಹಾಕಿ, ಪ್ರತಿ ಬಾರಿಯೂ ಅದು ಕೈ ತಾಗಿಸದೆ ಶುರುವಾಗುವುದನ್ನು, ಡಿಸಿ ಆದರೆ ಹಿಂದಿನ ವೇಗಕ್ಕೇ ಮರಳುವುದನ್ನು ಕಣ್ಣಾರೆ ನೋಡಬೇಕು. ಮನೆಯ ಇನ್ವರ್ಟರ್‌ಗೆ ಜೋಡಿಸುವವರು ಅದು ಸೈನ್ ವೇವ್ ಇನ್ವರ್ಟರ್ ಹೌದೇ ಎಂದು ನೋಡಿಕೊಳ್ಳಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪ್ ಇನ್ನಷ್ಟು ಗುಂಯ್‌ಗುಡುತ್ತದೆ ಮತ್ತು ಕಾಯುತ್ತದೆ. ಬ್ಯಾಟರಿ ಸಣ್ಣದಾದರೆ ಅದರಲ್ಲಿ ರಿಟರ್ನ್ ಪಂಪ್‌ಗಿಂತ ಒಂದು ವೇವ್‌ಮೇಕರ್ ಓಡಿಸುವುದೇ ಲೇಸು; ನೀರಿನ ಮೇಲ್ಮೈ ಕದಡುತ್ತಿದ್ದರೆ ಜೀವಗಳು ಉಳಿಯುತ್ತವೆ.

ಅದೇ ಸ್ವಿಚ್ ಪರೀಕ್ಷೆಯಲ್ಲಿ ಇನ್ನೊಂದು ವಿಷಯವೂ ಬಯಲಾಗುತ್ತದೆ. ಪಂಪ್ ನಿಂತಾಗ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಇಳಿಯುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಒಂದಿಂಚು ನೀರೆಂದರೆ 14 ಲೀಟರ್. ಪೈಪಿನ ಬಾಯಿ ಎರಡಿಂಚು ಮುಳುಗಿದ್ದರೆ 28 ಲೀಟರ್ ಕೆಳಗಿಳಿಯಲು ಸಂಪ್‌ನಲ್ಲಿ ಜಾಗವಿರಬೇಕು, ಇಲ್ಲವಾದರೆ ಅದು ನೆಲಕ್ಕೆ ಹರಿಯುತ್ತದೆ. ನಾನ್-ರಿಟರ್ನ್ ವಾಲ್ವ್ ಹಾಕಿದ್ದೇವೆಂಬ ಧೈರ್ಯ ಬೇಡ. ಒಂದು ಪುಟ್ಟ ಬಸವನಹುಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಪೈಪಿನ ಬಾಯನ್ನು ಮೇಲ್ಮೈಗೆ ಹತ್ತಿರ ಇಡುವುದು, ನೀರಿನ ಮಟ್ಟದಿಂದ ತುಸುವೇ ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆದು ಅದು ಕಟ್ಟದಂತೆ ನೋಡಿಕೊಳ್ಳುವುದು ಇದಕ್ಕಿಂತ ಭದ್ರ.

ಮೇಲೆ ಹೇಳಿದ ಸುಣ್ಣದ ವಿಷಯ ಹವಳದ ತೊಟ್ಟಿಗಳಿಗೆ ವಿಶೇಷವಾದದ್ದು. ಹವಳಗಳು ಬೆಳೆಯಲೆಂದು ನಾವೇ ನೀರಿನಲ್ಲಿ ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಕಾಯ್ದುಕೊಳ್ಳುತ್ತೇವೆ. ಆ ಕ್ಯಾಲ್ಸಿಯಂ ಬಿಸಿಯಾದ ಜಾಗದಲ್ಲಿ ಗಟ್ಟಿಯಾಗುತ್ತದೆ, ಪಂಪ್‌ನೊಳಗೆ ಬಿಸಿಯಾದ ಜಾಗ ಮೋಟಾರಿನ ಸುತ್ತಲಿನದು. ಮೂರು ನಾಲ್ಕು ತಿಂಗಳಿಗೊಮ್ಮೆ ಪಂಪ್ ಬಿಚ್ಚಿದರೆ, ನೀರನ್ನು ತಳ್ಳುವ ತಿರುಗುಚಕ್ರವಾದ ಇಂಪೆಲ್ಲರ್‌ನ ಕಪ್ಪು ಅಯಸ್ಕಾಂತದ ಮೇಲೆ ಬೂದುಬಿಳಿ ಬಣ್ಣದ, ಉಗುರಿನಿಂದ ಕೆರೆದರೂ ಏಳದ ಪದರವೊಂದು ಕಾಣಿಸುತ್ತದೆ. ಬೆರಳಿಗೆ ಮರಳುಕಾಗದದ ಹಾಗೆ ತರಿತರಿಯಾಗಿ ತಾಗುವ ಆ ಪದರವೇ ಸದ್ದಿಗೂ ಪಂಪ್ ನಿಲ್ಲುವುದಕ್ಕೂ ಮೂಲ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಲೀಟರ್ ನೀರಿಗೆ ಒಂದೆರಡು ದೊಡ್ಡ ಚಮಚದಂತೆ ಕರಗಿಸಿ, ಬಿಚ್ಚಿದ ಭಾಗಗಳನ್ನು ಅದರಲ್ಲಿ ಮುಳುಗಿಸಿದರೆ ಸಣ್ಣ ಸಣ್ಣ ಗುಳ್ಳೆಗಳೆದ್ದು ಪದರ ಸಡಿಲವಾಗುತ್ತದೆ. ಗುಳ್ಳೆ ನಿಂತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಜೋಡಿಸಬೇಕು. ಕೊಳ್ಳುವಾಗಲೇ ಪಂಪನ್ನು ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳ ಹಂಗಿಲ್ಲದೆ ಬಿಚ್ಚಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡುವುದು ಒಳ್ಳೆಯದು. ಬಿಚ್ಚಲು ಕಷ್ಟವಾದದ್ದನ್ನು ಯಾರೂ ನಿಯಮಿತವಾಗಿ ತೊಳೆಯುವುದಿಲ್ಲ.

ಇದೇ ಸಂದರ್ಭದಲ್ಲಿ ಒಂದು ಮಾತು. ಗಟ್ಟಿ ಹವಳಗಳೆಲ್ಲವೂ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆಯಲ್ಲಿವೆ. ಮುರುಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ ಬೇರೆ ಯಾವ ಕಡಲಿನಿಂದಾಗಲಿ ಕಿತ್ತು ತಂದ ಹವಳವನ್ನು ಮನೆಯ ತೊಟ್ಟಿಯಲ್ಲಿ ಇಡುವುದು ಅಪರಾಧ. ಕಾನೂನಿನ ದಾರಿಯಲ್ಲಿ ಬಂದ, ದಾಖಲೆಯುಳ್ಳ ಜೀವಗಳನ್ನು ಮಾತ್ರ ಸಾಕುವವರಿಗಾಗಿ ನಾನು ಇಷ್ಟೆಲ್ಲ ಬರೆದಿದ್ದೇನೆ.

ನಮ್ಮ ಎರಡೂ ಜಿಲ್ಲೆಗಳ ಅಕ್ವೇರಿಯಂ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಪಂಪ್ ಮಾರುವಾಗ ಗ್ರಾಹಕರ ಕಪಾಟಿನ ಎತ್ತರವನ್ನು ಕೇಳಿ, ರೇಖಾಚಿತ್ರವನ್ನು ಅವರ ಮುಂದಿಟ್ಟು ಆ ಎತ್ತರಕ್ಕೆ ಎಷ್ಟು ನೀರು ಬರುತ್ತದೆಂದು ತೋರಿಸಿರಿ. ಬಕೆಟ್ ನೀರಿನಲ್ಲಿ ಒಮ್ಮೆ ಓಡಿಸಿ ಅದರ ಸದ್ದನ್ನು ಕೇಳಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವ ಪ್ರತಿಯೊಂದು ಮಾದರಿಗೂ ಇಂಪೆಲ್ಲರ್, ಶಾಫ್ಟ್ ಮತ್ತು ಕಂಟ್ರೋಲರ್‌ಗಳನ್ನು ದಾಸ್ತಾನು ಇಡಿರಿ. ಇವತ್ತು ಒಂದು ಇಂಪೆಲ್ಲರ್ ಮುರಿದರೆ ಬೆಂಗಳೂರಿನಿಂದಲೋ ಚೆನ್ನೈನಿಂದಲೋ ಕೊರಿಯರ್ ಬರುವವರೆಗೆ ಕಾಯಬೇಕಾಗಿದೆ, ಹವಳಗಳು ಅಷ್ಟು ದಿನ ಕಾಯಲಾರವು. ಮಂಗಳೂರಿನ ಎಕ್ಕೂರಿನಲ್ಲಿರುವ ಮೀನುಗಾರಿಕಾ ಕಾಲೇಜು 1969ರಿಂದ ಈ ನಾಡಿಗೆ ಮತ್ಸ್ಯವಿಜ್ಞಾನದ ಶಿಕ್ಷಣ ಕೊಡುತ್ತ ಬಂದಿದೆ. ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡವರಿಗಾಗಿ ಅಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ದಿನದ ಪ್ರಾತ್ಯಕ್ಷಿಕೆ ನಡೆದರೆ, ಪಂಪ್, ಪೈಪ್ ಮತ್ತು ವಿದ್ಯುತ್ ಸುರಕ್ಷತೆಯ ಪಾಠ ಅದರ ಮೊದಲ ಭಾಗವಾಗಿರಲೆಂದು ಕಾಲೇಜಿನವರಲ್ಲಿ ಗೌರವಪೂರ್ವಕವಾಗಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಬಿಜೈ, ಮಂಗಳೂರು